ಚಿಕ್ಕ ಮಕ್ಕಳನ್ನು ಮಾಗಡಿ ಕೆರೆಗೆ ಕರೆದೊಯ್ಯುವ ಬಗೆ

ನಮ್ಮ ಮನೆ ಗದಗದ ಬೆಟಗೇರಿಯಲ್ಲಿ, ಮಗ್ಗದ ಸದ್ದು ಕೇಳುವ ಓಣಿಯಲ್ಲಿದೆ. ಮಗಳಿಗೆ ಐದು ವರ್ಷ, ಮಗನಿಗೆ ಎರಡು ತುಂಬಿ ಮೂರು ತಿಂಗಳು. ಮೂರು ಚಳಿಗಾಲಗಳಿಂದ ನಾವು ವಲಸೆ ಹಕ್ಕಿಗಳನ್ನು ನೋಡಲು ತಪ್ಪದೆ ಮಾಗಡಿ ಕೆರೆಗೆ ಹೋಗುತ್ತಿದ್ದೇವೆ. ಮೊದಲ ಸಲ ಎಲ್ಲವೂ ಕೆಟ್ಟಿತು. ಮನೆಗೆಲಸ ಮುಗಿಸಿ, ಬುತ್ತಿ ಕಟ್ಟಿಕೊಂಡು ಕೆರೆ ಮುಟ್ಟುವಷ್ಟರಲ್ಲಿ ಹನ್ನೊಂದೂವರೆ. ಏರಿಯ ಮೇಲೆ ನೆರಳಿಲ್ಲ. ಆಗ ಮೂರು ವರ್ಷದವಳಾಗಿದ್ದ ಮಗಳಿಗೆ ಅದು ಮಲಗುವ ಹೊತ್ತು. ಹಕ್ಕಿಗಳತ್ತ ಕತ್ತೆತ್ತಿಯೂ ನೋಡದೆ ನನ್ನ ಭುಜದ ಮೇಲೆ ಅತ್ತು ಅತ್ತು ನಿದ್ದೆ ಹೋದಳು. ಮಗು ಹಟ ಮಾಡಿತೆಂದು ಇವರು ಬೇಸರಪಟ್ಟರು. ನನಗೆ ಮಾತ್ರ ನಾವು ಹೊತ್ತು ತಪ್ಪಿ ಬಂದದ್ದು ಅಲ್ಲಿಯೇ ಮನವರಿಕೆಯಾಯಿತು. ಮುಂದೆ ಬರೆದಿರುವುದೆಲ್ಲ ಅಂದಿನಿಂದ ಕಲಿತದ್ದು.

ಮಾಗಡಿ ಶಿರಹಟ್ಟಿ ತಾಲ್ಲೂಕಿನ ಊರು, ಗದಗದಿಂದ ಸುಮಾರು 26 ಕಿಲೋಮೀಟರ್. ಮಂಗೋಲಿಯಾ, ಟಿಬೆಟ್ ಕಡೆಯ ತಂಪು ನಾಡುಗಳಲ್ಲಿ ಮರಿ ಮಾಡುವ ಪಟ್ಟೆ ತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ನವೆಂಬರ್ ಹೊತ್ತಿಗೆ ಇಲ್ಲಿಗೆ ಬಂದಿಳಿಯುತ್ತವೆ, ಮಾರ್ಚ್ ಬರುತ್ತಿದ್ದಂತೆ ಹಿಂತಿರುಗುತ್ತವೆ. 2024ರ ಜನವರಿಯಲ್ಲಿ ಈ ಕೆರೆಗೆ ರಾಮ್ಸರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಯ, ಮಾನ್ಯತೆ ಸಿಕ್ಕಿತು. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗಿನ ಯಾವುದಾದರೂ ಭಾನುವಾರ ಹಿಡಿಯಿರಿ. ಬಿಸಿಲು ಇನ್ನೂ ಮೃದುವಾಗಿರುತ್ತದೆ, ಹಕ್ಕಿಗಳೂ ತುಂಬಿರುತ್ತವೆ.

ಈ ಹೆಬ್ಬಾತುಗಳು ಸಾಮಾನ್ಯವಾಗಿ ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು ಬೆಳಗ್ಗೆ ನೀರಿಗೆ ಮರಳುತ್ತವೆ. ಮಕ್ಕಳಿಗೆ ನೋಡಲು ಸಿಗಬೇಕಾದದ್ದು ಆ ಮರಳುವ ಹೊತ್ತು. ಆದ್ದರಿಂದ ಏಳೂವರೆಗೆ ಕೆರೆಯ ಏರಿಯ ಮೇಲಿರಬೇಕು, ಹತ್ತಕ್ಕೆ ಅಲ್ಲಿಂದ ಹೊರಡಬೇಕು. ಮಕ್ಕಳು ಆರಕ್ಕೇ ಎದ್ದು ಮನೆಯವರನ್ನೆಲ್ಲ ಎಬ್ಬಿಸುವವರಾದರೆ ನಿಮಗೆ ಅದೇ ಅನುಕೂಲ. ತಡವಾಗಿ ಏಳುವ ಮಗುವಾದರೆ ಬಟ್ಟೆ ಬದಲಿಸುವ ಗೋಜಿಗೆ ಹೋಗದೆ, ಹೊದಿಕೆ ಸಮೇತ ಎತ್ತಿಕೊಂಡು ನಡೆಯಿರಿ. ದಾರಿಯಲ್ಲಿ ತಾನಾಗಿಯೇ ಎಚ್ಚರಗೊಳ್ಳುತ್ತದೆ.

ಹಿಂದಿನ ರಾತ್ರಿ ಮಾಡಬೇಕಾದ ಕೆಲಸವೊಂದಿದೆ. ಪಾಟಿಯ ಮೇಲೆ ಹಕ್ಕಿಯ ಚಿತ್ರ ಬರೆದು ತೋರಿಸಿ. ಬೂದು ಮೈ, ಬಿಳಿ ತಲೆ, ತಲೆಯ ಹಿಂಬದಿಯಲ್ಲಿ ಎರಡು ಕಪ್ಪು ಪಟ್ಟೆ, ಹಳದಿ ಕೊಕ್ಕು, ಹಳದಿ ಕಾಲು. ಚಿತ್ರ ಚೆನ್ನಾಗಿ ಬರಬೇಕೆಂದಿಲ್ಲ, ಎರಡು ಪಟ್ಟೆ ಮಾತ್ರ ಸ್ಪಷ್ಟವಾಗಿರಲಿ. ಆ ಪಟ್ಟೆಗಳನ್ನು ಮಗು ತನ್ನ ಕೈಯಿಂದಲೇ ಎಳೆಯಲಿ. ಮರುದಿನ ಕಣ್ಣು ಹುಡುಕುವುದು ಅದನ್ನೇ. ನನ್ನ ಮಗಳು ಕಳೆದ ವರ್ಷ ಸೀಮೆಸುಣ್ಣ ಹಿಡಿದುಕೊಂಡೇ, "ಅವ್ವ, ಇವುಗಳಿಗೆ ಯಾರು ಗೆರೆ ಎಳೆದರು?" ಎಂದು ಕೇಳಿದಳು. ಹುಟ್ಟುವಾಗಲೇ ಬಂದದ್ದು ಎಂದೆ. ಅವಳಿಗೆ ಅದು ಸಾಲಲಿಲ್ಲ. ಅತ್ತೆ ಪಕ್ಕದಲ್ಲಿ ಕುಳಿತು, "ಬರುವ ದಾರಿಯಲ್ಲಿ ಎರಡು ಬೆಟ್ಟ ದಾಟಿದವು, ಒಂದಕ್ಕೊಂದು ಗೆರೆ" ಎಂದರು. ಅಂದಿನ ನಿದ್ದೆ ಅಲ್ಲಿಗೆ ಸರಿಹೋಯಿತು.

ಬಟ್ಟೆಯ ವಿಷಯ. ಏರಿಯ ಮೇಲೆ ಬೆಳಗಿನ ಗಾಳಿ ಸೂಜಿ ಚುಚ್ಚಿದಂತಿರುತ್ತದೆ. ಚಿಕ್ಕವನಿಗೆ ನಾನು ಅತ್ತೆ ಹೊಲಿದ ಕುಂಚಿಗೆಯನ್ನೇ ಕಟ್ಟುತ್ತೇನೆ. ಅಂಗಡಿಯ ಟೋಪಿ ಕಿವಿ ಮುಚ್ಚಿದರೆ ಕುತ್ತಿಗೆ ಬಿಡುತ್ತದೆ. ಕುಂಚಿಗೆ ತಲೆ, ಕಿವಿ, ಬೆನ್ನು ಮೂರನ್ನೂ ಕಾಯುತ್ತದೆ, ಗದ್ದದ ಕೆಳಗೆ ಕಟ್ಟಿದರೆ ಮಗು ಕಿತ್ತೆಸೆಯಲೂ ಆಗದು. ಕೂರಲು ಹಳೆಯ ಕೌದಿ ಒಯ್ಯಿರಿ. ನೆಲದ ತಂಪು ಮೇಲೇರುವುದಿಲ್ಲ. ಅಲ್ಲಿಯದು ಎರೆ ಮಣ್ಣು. ಇಬ್ಬನಿ ಬಿದ್ದ ನೆಲದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಬೂಟಿಗೆ ಮುದ್ದೆ ಮುದ್ದೆಯಾಗಿ ಅಂಟುತ್ತದೆ. ಹೊಸ ಬೂಟು ಬೇಡ, ತೊಳೆಯಲು ಬರುವ ರಬ್ಬರ್ ಚಪ್ಪಲಿ ಹಾಕಿಸಿ. ಒಂದೊಂದು ಮಗುವಿಗೆ ಎರಡು ಚಡ್ಡಿ ಹೆಚ್ಚಿಗೆ ಇರಲಿ. ನಾನು ಒಂದು ಎಂದು ಲೆಕ್ಕ ಹಾಕಿ ಒಮ್ಮೆ ಪೇಚಾಡಿದ್ದೇನೆ.

ಬುತ್ತಿಗೆ ಮೆತ್ತಗಿನ ಚಪಾತಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಬಾಳೆಹಣ್ಣು, ಒಂದು ಡಬ್ಬಿ ಮಾದಲಿ (ಗೋಧಿ, ಬೆಲ್ಲದ ಪುಡಿ ಸಿಹಿ). ಮಾದಲಿಯನ್ನು ಮಕ್ಕಳು ತಾವೇ ಬೊಗಸೆಯಲ್ಲಿ ತಿನ್ನಬಲ್ಲರು, ಬೆಳಗಿನಿಂದ ಮಧ್ಯಾಹ್ನದವರೆಗೆ ಕೆಡುವುದೂ ಇಲ್ಲ. ದಾರಿಯಲ್ಲಿ ಸುಲಗಾಯಿ (ಹಸಿ ಕಡಲೆ) ಮಾರುವವರು ಸಿಕ್ಕರೆ ದೊಡ್ಡವರು ತಿನ್ನಲಿ. ಐದು ವರ್ಷ ತುಂಬದ ಮಕ್ಕಳ ಕೈಗೆ ಇಡೀ ಶೇಂಗಾ, ಕಡಲೆ ಕಾಳು ಖಂಡಿತ ಕೊಡಬೇಡಿ. ಓಡುವ ಬಸ್ಸಿನಲ್ಲಂತೂ ಬೇಡವೇ ಬೇಡ. ಗಂಟಲಿಗೆ ಸಿಕ್ಕಿದರೆ ಹತ್ತಿರ ಆಸ್ಪತ್ರೆ ಇರುವುದಿಲ್ಲ. ಹಿಂಡಿಯಲ್ಲಿ ಕುಟ್ಟಿ ಪುಡಿಯಾದ ಶೇಂಗಾ ಸಾಕು.

ಬಸ್ಸಿನಲ್ಲಿ ಹೋಗುವವರು ಮಾಗಡಿಯಲ್ಲಿ ನಿಲ್ಲುತ್ತದೆಯೇ ಎಂದು ಕಂಡಕ್ಟರನ್ನು ಕೇಳಿಯೇ ಹತ್ತಿ. ಮರಳುವ ಬಸ್ಸಿನ ಹೊತ್ತನ್ನೂ ಇಳಿಯುವಾಗಲೇ ತಿಳಿದುಕೊಳ್ಳಿ. ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೆ ಸಾಮಾನ್ಯ ಬಸ್ಸಿನಲ್ಲಿ ಹಣ ಕೊಡಬೇಕಿಲ್ಲ, ಆಧಾರ್ ಕಾರ್ಡ್ ಕೈಯಲ್ಲಿರಲಿ. ಆರು ವರ್ಷದೊಳಗಿನ ಮಕ್ಕಳಿಗೂ ಟಿಕೆಟ್ ಇಲ್ಲ. ಹೊರಡುವ ಮೊದಲು ಹೊಟ್ಟೆ ತುಂಬ ಹಾಲು ಕುಡಿಸಬೇಡಿ. ನನ್ನ ಮಗಳಿಗೆ ಹಾಲು ಕುಡಿದ ದಿನವೇ ವಾಂತಿ, ಅರ್ಧ ಬಾಳೆಹಣ್ಣು ತಿಂದ ದಿನ ಏನೂ ಇಲ್ಲ. ಮುಂದಿನ ಸಾಲಿನಲ್ಲಿ ಕಿಟಕಿ ಪಕ್ಕ ಕೂರಿಸಿ.

ಇನ್ನು ಕೆರೆ. ಏರಿ ಹತ್ತುವ ಮುನ್ನವೇ ಯಾರು ಯಾವ ಮಗುವಿನ ಹೊಣೆ ಎಂದು ಬಾಯಿ ಬಿಟ್ಟು ಹೇಳಿಕೊಳ್ಳಿ. ಎರಡು ಮಕ್ಕಳಿದ್ದರೆ ಇಬ್ಬರು ದೊಡ್ಡವರು ಬೇಕೇ ಬೇಕು. "ನೀವು ನೋಡುತ್ತಿದ್ದೀರಿ ಅಂದುಕೊಂಡೆ" ಎಂಬ ಮಾತು ನೀರಿನ ಹತ್ತಿರ ಬರಬಾರದು. ಚಿಕ್ಕವನನ್ನು ನಾನು ಸೀರೆಯ ಜೋಳಿಗೆಯಲ್ಲಿ ಬೆನ್ನಿಗೆ ಕಟ್ಟಿಕೊಳ್ಳುತ್ತೇನೆ, ನೀರಿನಿಂದ ದೂರ ಕೌದಿ ಹಾಸಿದ ಮೇಲೆಯೇ ಇಳಿಸುತ್ತೇನೆ.

ಮಕ್ಕಳಿಗೆ ದೂರದರ್ಶಕ ಕೊಟ್ಟು ಉಪಯೋಗವಿಲ್ಲ. ಎರಡು ಕಣ್ಣನ್ನೂ ಒಂದೇ ಕಡೆ ನಿಲ್ಲಿಸಲು ಅವರಿಗೆ ಬಾರದು, ಐದು ನಿಮಿಷಕ್ಕೆ ಜಗಳ ಶುರುವಾಗುತ್ತದೆ. ಮೊದಲು ಕಿವಿಯಿಂದ ಹುಡುಕಲು ಕಲಿಸಿ. ಕಣ್ಣು ಮುಚ್ಚಿ ಕೂರಿಸಿ, ಎಲ್ಲಿಂದ ಸದ್ದು ಬಂತು ಎಂದು ಕೇಳಿ, ಬೆರಳು ಮಾಡಿ ತೋರಿಸಲಿ. ಈ ಜನವರಿಯಲ್ಲಿ ಹಾಗೆ ಕುಳಿತಿದ್ದೆವು. ನೀರಿನ ಮೇಲೆ ಇನ್ನೂ ಮಂಜಿತ್ತು. ಪೂರ್ವದ ಜೋಳದ ಹೊಲಗಳ ಕಡೆಯಿಂದ ಕೂಗು ಕೇಳಿತು, ಕೀಲಿಗೆ ಎಣ್ಣೆ ಹಾಕದ ಬಾಗಿಲು ಒಂದರ ಹಿಂದೆ ಒಂದು ತೆರೆದಂತೆ. ಮಗಳು ಕಣ್ಣು ಮುಚ್ಚಿಕೊಂಡೇ ಬೆರಳು ಎತ್ತಿದಳು. ಬೆರಳು ನಿಧಾನವಾಗಿ ನಮ್ಮ ನೆತ್ತಿಯ ಮೇಲೆ ಬಂತು, ಅಲ್ಲಿಂದ ನೀರಿನತ್ತ ಇಳಿಯಿತು. ಕಣ್ಣು ತೆರೆದಾಗ ಮೂವತ್ತು ನಲವತ್ತು ಹಕ್ಕಿಗಳು ಕಾಲು ಮುಂದೆ ಚಾಚಿ ನೀರನ್ನು ಸೀಳುತ್ತಾ ಇಳಿಯುತ್ತಿದ್ದವು. "ಎರಡು ಪಟ್ಟೆ!" ಎಂದು ಅವಳು ಪಿಸುಗುಟ್ಟಿದಳು. ಸದ್ದು ಮಾಡಬೇಡ ಎಂದು ನಾವು ಯಾರೂ ಹೇಳಿರಲಿಲ್ಲ.

ಕಲ್ಲು ಎಸೆಯುವುದನ್ನು, ಕಾಳು ಚೆಲ್ಲುವುದನ್ನು ಮೊದಲ ದಿನವೇ ತಡೆಯಿರಿ. ಹತ್ತಿರದಿಂದ ನೋಡುವ ಆಸೆಗೆ ಯಾರದೋ ಕಡಲೆ ಹೊಲ ತುಳಿಯಬೇಡಿ. ಅರ್ಧ ಗಂಟೆಯ ಮೇಲೆ ಮಕ್ಕಳು ಹಕ್ಕಿ ಬಿಟ್ಟು ಮಣ್ಣು ಕೆದಕತೊಡಗುತ್ತಾರೆ. ಕೆದಕಲಿ. ನಡುವೆ ತಲೆ ಎತ್ತಿ ಎಣಿಸುತ್ತಾರೆ, ಮತ್ತೆ ಮಣ್ಣಿಗೆ ಹೋಗುತ್ತಾರೆ. ನೋಡು ನೋಡು ಎಂದು ಒತ್ತಾಯಿಸಬೇಡಿ.

ಇಷ್ಟು ದೂರ ಬಂದಿದ್ದೇವೆ, ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಗೂ ಹೋಗಿ ಬರೋಣ ಎಂದು ಜೊತೆಗೆ ಬಂದವರಲ್ಲಿ ಒಬ್ಬರಾದರೂ ಹೇಳುತ್ತಾರೆ. ಗುಡಿ ಬಹಳ ಸುಂದರ, ನನಗೂ ಪ್ರೀತಿ. ಆದರೆ ಅದಕ್ಕೆ ಬೇರೆ ದಿನ ಇಡಿ. ಬಿಂಕದಕಟ್ಟಿಯ ಪ್ರಾಣಿ ಸಂಗ್ರಹಾಲಯಕ್ಕೂ ಲಕ್ಕುಂಡಿಗೂ ಇದೇ ಮಾತು. ಒಂದೇ ದಿನ ಎರಡು ಜಾಗ ನೋಡಿದ ಮಗುವಿಗೆ ಸಂಜೆ ಕೇಳಿದರೆ ಎರಡೂ ನೆನಪಿರುವುದಿಲ್ಲ, ದಣಿವು ಮಾತ್ರ ಇರುತ್ತದೆ.

ಹತ್ತು ಗಂಟೆಗೆ ಕೌದಿ ಕೊಡವಿ ಮಡಚಿ, ತಂದ ಕಾಗದ, ಸಿಪ್ಪೆಯನ್ನೆಲ್ಲ ಚೀಲಕ್ಕೆ ಹಾಕಿಕೊಳ್ಳಿ. ಬಸ್ಸು ಹತ್ತುವ ಮೊದಲೇ ಮಕ್ಕಳಿಗೆ ಮೂತ್ರ ಮಾಡಿಸಿ, ಮೊಸರು ಕಲಸಿದ ಚಪಾತಿ ನಾಲ್ಕು ತುತ್ತು ತಿನ್ನಿಸಿ. ಅರ್ಧ ದಾರಿಯಲ್ಲಿ ಇಬ್ಬರೂ ಮಲಗುತ್ತಾರೆ. ಮನೆಗೆ ಬಂದಾಗ ಕಾಲು ತೊಳೆಯಲೆಂದು ಎಬ್ಬಿಸಬೇಡಿ. ಒದ್ದೆ ಬಟ್ಟೆಯಿಂದ ಎರೆ ಮಣ್ಣು ಒರೆಸಿ, ಹಾಗೆಯೇ ಮಲಗಿಸಿ.