ಶಾಲೆಯ ಗೋಡೆಗೆ ಬೂಷ್ಟು: ಗಾಳಿಗಿಂತ ಮೊದಲು ನೀರು ಹುಡುಕಿದೆ

ಮುಂಬಯಿಯಲ್ಲಿ ಜುಲೈ ಬಂತೆಂದರೆ ನನಗೆ ಬರುವ ಫೋನುಗಳೆಲ್ಲ ಸೋರಿಕೆಯವೇ. ಕಳೆದ ಮಳೆಗಾಲದಲ್ಲಿ ಉಪನಗರದ ಒಂದು ಕನ್ನಡ ಶಾಲೆಯವರು ಕರೆದರು. ಮೇಲಿನ ಮಹಡಿಯ ಕ್ಲಾಸಿನಲ್ಲಿ ಮುಗ್ಗಲು ವಾಸನೆ, ಮಕ್ಕಳಿಗೆ ಒಂದೇ ಸಮನೆ ಸೀನು. ಗಾಳಿ ಪರೀಕ್ಷೆ ಮಾಡುವ ಲ್ಯಾಬನ್ನೂ ಕಮಿಟಿಯವರು ಹುಡುಕಿಟ್ಟಿದ್ದರು.

"ಸ್ವಲ್ಪ ತಡೀರಿ ಮಾರಾಯ್ರೆ, ನೀರು ಎಲ್ಲಿಂದ ಬರ್ತದೆ ನೋಡುವ" ಅಂದೆ. ಗಾಳಿಯಲ್ಲಿ ಬೂಷ್ಟಿನ ಕಣ ಇಷ್ಟೇ ಇರಬೇಕು ಅನ್ನುವ, ಎಲ್ಲರೂ ಒಪ್ಪುವ ಮಿತಿಯೇ ಇಲ್ಲ. ಹೊರಗಿನ ಗಾಳಿಯಲ್ಲೂ ಅವು ಇದ್ದೇ ಇರುತ್ತವೆ. ರಿಪೋರ್ಟ್ ಬಂದರೆ ಗೋಡೆ ಒಣಗುತ್ತದಾ?

ಬೆಳಗ್ಗೆ ಬೀಗ ತೆಗೆಯುವ ಹೊತ್ತಿಗೇ ಹೋಗಿ ನಿಂತೆ. ವಾಸನೆ ಆಗಲೇ ಸರಿಯಾಗಿ ಗೊತ್ತಾಗುವುದು, ಆಮೇಲೆ ಮೂಗಿಗೆ ಅಭ್ಯಾಸವಾಗಿಬಿಡುತ್ತದೆ. ಕಪಾಟು ಎಳೆದು ನೋಡಿದರೆ ಹಿಂದಿನ ಗೋಡೆ ತುಂಬ ಕಪ್ಪು ಚುಕ್ಕೆ. ಅಲ್ಲೇ ಸುತ್ತಿಟ್ಟಿದ್ದ ಚಾರ್ಟುಗಳ ಬೆನ್ನಿಗೂ ಹಸಿರು ಬೂಷ್ಟು. ಕಿಟಕಿಯ ಕೆಳಗಿನ ಬಿಳಿ ಪುಡಿಯನ್ನೂ ಟೀಚರುಗಳು ಬೂಷ್ಟು ಅಂದುಕೊಂಡಿದ್ದರು. ನೀರು ಚಿಮುಕಿಸಿದೆ, ಕರಗಿಹೋಯಿತು. ಅದು ಗಾರೆಯ ಉಪ್ಪು. ಅಪಾಯವಿಲ್ಲ, ಆದರೆ ಗೋಡೆಯೊಳಗೆ ನೀರಿದೆ ಅನ್ನುವುದಕ್ಕೆ ಅದೂ ಸಾಕ್ಷಿ.

ಕಪಾಟಿದ್ದ ಜಾಗವನ್ನು ಬಟ್ಟೆಯಿಂದ ಒರೆಸಿ, ಒಂದಡಿ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿದೆ. ಹನಿ ಕೋಣೆಯ ಕಡೆ ಕೂತರೆ ಅದು ಒಳಗಿನ ಗಾಳಿಯ ತೇವ, ಗೋಡೆಯ ಕಡೆ ಕೂತರೆ ನೀರು ಗೋಡೆಯಿಂದಲೇ ಬರುತ್ತಿದೆ. ಮರುದಿನ ಹನಿ ಇದ್ದದ್ದು ಗೋಡೆಯ ಕಡೆ. ಗೋಡೆಯ ತೇವ ಅಳೆಯುವ ಮಾಯಿಶ್ಚರ್ ಮೀಟರಿನ ಅಂಕಿಯೂ ಮೇಲೆ ಹೋದಷ್ಟು ಜಾಸ್ತಿ. ಟೆರೇಸಿಗೆ ಹತ್ತಿದೆವು. ಮಳೆನೀರಿನ ಪೈಪಿನ ಬಾಯಿಗೆ ಪ್ಲಾಸ್ಟಿಕ್ ಚೀಲ, ಪ್ಯಾರಪೆಟ್ಟಿನ ಬಿರುಕಿನಲ್ಲಿ ಮೊಣಕಾಲೆತ್ತರದ ಅರಳಿ ಗಿಡ, ಅದರ ಬುಡದಲ್ಲಿ ನಿಂತ ನೀರು.

ಸೀನಿಗೆ ಕಾರಣ ಬೂಷ್ಟು ಅಂತ ನಾನು ಹೇಳಲಿಲ್ಲ, ಅದು ಡಾಕ್ಟರ ಕೆಲಸ. ಆದರೆ ಗಾಳಿಯದೂ ಬೇರೆಯೇ ತೊಂದರೆ ಇತ್ತು. ಎರಚಲು ಬರುತ್ತದೆಂದು ಕಿಟಕಿಗಳಿಗೆಲ್ಲ ತಾಡಪತ್ರಿ ಬಿಗಿದಿದ್ದರು. ನಾವು ಉಸಿರಿನಲ್ಲಿ ಬಿಡುವ ಕಾರ್ಬನ್ ಡೈಆಕ್ಸೈಡ್ ಹೊರಗೆ 430 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 430 ಭಾಗ. ಒಳಗೆ ಐವತ್ತು ಮಕ್ಕಳು ಕೂತ ಅರ್ಧ ಗಂಟೆಗೇ 2000 ದಾಟಿತು. 1000 ದಾಟಿದರೇ ಗಾಳಿಯಾಟ ಸಾಲದು ಅಂತ ನಾವು ಲೆಕ್ಕ ಹಿಡಿಯುತ್ತೇವೆ. ಫ್ಯಾನು ಅದೇ ಗಾಳಿಯನ್ನು ತಿರುಗಿಸುತ್ತದೆ, ಅಷ್ಟೇ.

ಒಳಗಿನ ಗಾಳಿಯ ತೇವಾಂಶ 60 ಶೇಕಡಾ ಮೀರಬಾರದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಪಿಎ ಹೇಳುತ್ತದೆ. ಮುಂಬಯಿಯ ಜುಲೈಯಲ್ಲಿ ಕಿಟಕಿ ತೆರೆದಿಟ್ಟು ಇದಾಗುವ ಮಾತಲ್ಲ. ಹಾಗಾಗಿ ಗೋಡೆ ಒದ್ದೆಯಾಗದಂತೆ ನೋಡುವುದೇ ನಮ್ಮ ಕೈಲಿರುವುದು. ಒದ್ದೆಯಾದದ್ದು 24 ರಿಂದ 48 ಗಂಟೆಯೊಳಗೆ ಒಣಗಿದರೆ ಬೂಷ್ಟು ಸಾಮಾನ್ಯವಾಗಿ ಹಿಡಿಯುವುದಿಲ್ಲ.

ಪೈಪು ಬಿಡಿಸಿದೆವು, ಗಿಡ ಕಡಿಸಿದೆವು, ಚಾರ್ಟು ಎಸೆದೆವು. ಬೂಷ್ಟು ಹತ್ತು ಚದರ ಅಡಿಯೊಳಗಿತ್ತು, ಹಾಗಾಗಿ ಭಾನುವಾರ ಎನ್-95 ಮಾಸ್ಕ್, ಗ್ಲೌಸ್ ಹಾಕಿ ಸೋಪಿನ ನೀರಿನಲ್ಲಿ ತಿಕ್ಕಿದೆವು. ಗಣೇಶ ಚೌತಿಗೆ ಮುಂಚೆ ಬಣ್ಣ ಹೊಡೆಸುವ ಆಸೆ ಕಮಿಟಿಗಿತ್ತು. ಬೇಡವೇ ಬೇಡ ಅಂದೆ. ಹಸಿ ಗೋಡೆಗೆ ಹೊಡೆದ ಬಣ್ಣ ಕಿತ್ತು ಬರುತ್ತದೆ. ಆ ಕ್ಲಾಸನ್ನು ಕೆಳಗಿನ ಹಾಲಿಗೆ ಕಳಿಸಿದರು. ಬಿರುಕು ತುಂಬಿ ವಾಟರ್‌ಪ್ರೂಫಿಂಗ್ ಮಾಡಿಸಿದ್ದು ಮಳೆ ನಿಂತ ಮೇಲೆ, ನವೆಂಬರಿನಲ್ಲಿ. ಬಣ್ಣ ಅದಾದ ಮೇಲೆ, ಮೀಟರ್ ಇಟ್ಟು ಗೋಡೆ ಒಣಗಿದೆ ಅಂತ ಖಾತ್ರಿಯಾದಾಗ.