ನಾಳೆಯ ಊಟ ಇವತ್ತು ರಾತ್ರಿಯೇ ನೆನೆಯಲಿ

ರಾತ್ರಿ ಅಡುಗೆಮನೆ ದೀಪ ಆರಿಸುವ ಮುಂಚೆ ಒಂದು ಪಾತ್ರೆಯಲ್ಲಿ ಏನಾದರೂ ನೆನೆಯಲು ಹಾಕಿ. ಹೆಸರುಕಾಳು, ಅಲಸಂದೆ, ಹುರುಳಿ, ಕಡಲೆ, ಯಾವುದಾದರೂ ಸರಿ. ಬೆಳಿಗ್ಗೆ ಏನು ಮಾಡುವುದು ಅಂತ ತೋಚದೆ ಇದ್ದಾಗಲೇ ಅಲ್ವಾ ಬ್ರೆಡ್ಡು, ಬಿಸ್ಕತ್ತು, ಹೋಟೆಲಿನ ತಿಂಡಿ ಮನೆಯೊಳಗೆ ಬರುವುದು? ನೆನೆಸಿದ ನೀರು ಚೆಲ್ಲಿ ಹೊಸ ನೀರಿನಲ್ಲಿ ಬೇಯಿಸಿದರೆ ಹೊಟ್ಟೆ ಉಬ್ಬರವೂ ಕಡಿಮೆ.

ಮೊಳಕೆ ಕಟ್ಟಿದರೆ ಇನ್ನೂ ಒಳ್ಳೆಯದು. ರಾಗಿಯನ್ನೂ ಮೊಳಕೆ ಕಟ್ಟಬಹುದು. ಕಲ್ಲು, ಮಣ್ಣು ಹೋಗುವ ಹಾಗೆ ನಾಲ್ಕು ಸಲ ತೊಳೆದು, ರಾತ್ರಿಯಿಡೀ ನೆನೆಸಿ, ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿಡಿ. ಬಟ್ಟೆ ಒಣಗಿದರೆ ನೀರು ಚಿಮುಕಿಸಿ. ಬೇಸಿಗೆಯಲ್ಲಿ ಒಂದೇ ದಿನಕ್ಕೆ ಬಿಳಿ ಮೊಳಕೆ ಇಣುಕುತ್ತದೆ, ಚಳಿಗಾಲದಲ್ಲಿ ಎರಡು ದಿನ ಬೇಕು. ನೆರಳಲ್ಲಿ ಗರಿಗರಿಯಾಗಿ ಒಣಗಿಸಿ, ಘಮ ಬರುವಷ್ಟೇ ಹುರಿದು, ಮಿಲ್ಲಿನಲ್ಲಿ ಬೀಸಿಸಿ. ಸರಿಯಾಗಿ ಒಣಗದಿದ್ದರೆ ಹಿಟ್ಟು ಮುಗ್ಗುತ್ತದೆ, ಅದೊಂದು ಎಚ್ಚರ ಇರಲಿ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ, ಅಷ್ಟೇ ಅಕ್ಕಿಯಲ್ಲಿ ಹತ್ತರ ಆಸುಪಾಸು. ಮೊಳಕೆ ಬಂದಾಗ ಅದು ಮೈಗೆ ಇನ್ನೂ ಚೆನ್ನಾಗಿ ಹತ್ತುತ್ತದೆ. ಚೆಂದದ ಡಬ್ಬಿಯಲ್ಲಿ ಸಕ್ಕರೆ ಬೆರೆಸಿ ಮಾರುವ ಮಾಲ್ಟಿಗೆ ಯಾಕೆ ದುಡ್ಡು ಸುರಿಯಬೇಕೋ ನನಗಂತೂ ಅರ್ಥವಾಗುವುದಿಲ್ಲ.

ಹಾಗಂತ ಶುಗರ್ ಇರುವವರು ರಾಗಿಯನ್ನು ಎಷ್ಟು ಬೇಕಾದರೂ ತಿನ್ನಬಹುದು ಅನ್ನುವುದು ಸುಳ್ಳು. ಅದೂ ಅಕ್ಕಿ, ಗೋಧಿಯ ಹಾಗೆ ಪಿಷ್ಟವೇ. ಮುದ್ದೆ ಚಿಕ್ಕದಿರಲಿ, ಪಕ್ಕದಲ್ಲಿ ಸೊಪ್ಪು, ಕಾಳು ದೊಡ್ಡದಾಗಿರಲಿ.

ಸೊಪ್ಪು, ಕಾಳು ಅಂದರೆ ಹಳೇ ಮೈಸೂರು ಕಡೆಯ ಬಸ್ಸಾರನ್ನು ಬಿಟ್ಟರೆ ಆಗುತ್ತದೆಯೇ? ಎರಡನ್ನೂ ಬೇಯಿಸಿ ಬಸಿದರೆ ಬರುವ ಕಟ್ಟೇ ಸಾರಿಗೆ ಆಧಾರ. ಕೊಬ್ಬರಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಮೆಣಸಿನಕಾಯಿ, ಹುಣಸೆ ಜೊತೆಗೆ ಬೆಂದ ಸೊಪ್ಪುಕಾಳು ಒಂದು ಹಿಡಿ ಹಾಕಿ ರುಬ್ಬಿ, ಆ ಕಟ್ಟಿಗೆ ಸೇರಿಸಿ ಕುದಿಸಿ. ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ನೀರಿಗಿಳಿದ ಸತ್ವ ಸಿಂಕಿಗೆ ಹೋಗದೆ ತಟ್ಟೆಗೇ ಬರುತ್ತದೆ. ಬಡಿಸುವಾಗ ನಿಂಬೆಹಣ್ಣು ಹಿಂಡಿ, ಅದರ ಹುಳಿಯಿಂದ ಸೊಪ್ಪಿನ ಕಬ್ಬಿಣಾಂಶ ಮೈಗೆ ಹಿಡಿಯುತ್ತದೆ. ಊಟದ ಹಿಂದೆಯೇ ಕಾಫಿ, ಟೀ ಕುಡಿದರೆ ಆ ಲಾಭ ಹೋಯಿತು. ಒಂದು ಗಂಟೆ ತಡೆಯಿರಿ.

ಉಪ್ಪಿನ ಬಗ್ಗೆ ಎರಡು ಮಾತು. ದೊಡ್ಡವರಿಗೆ ದಿನಕ್ಕೆ 5 ಗ್ರಾಂ ಒಳಗೆ, ಅಂದರೆ ಒಂದು ಟೀ ಚಮಚದಷ್ಟು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರಿಗೆ ಕಡಿಮೆ ಹಾಕಿ, ಆಮೇಲೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಮುಂದಿಟ್ಟುಕೊಂಡರೆ ಏನು ಬಂತು? ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಹಬ್ಬಕ್ಕೆ ಕರಿಯುವಾಗ ಚಿಕ್ಕ ಬಾಣಲೆ ಇಡಿ, ಎಣ್ಣೆ ಉಳಿಯುವುದೇ ಕಡಿಮೆ. ಮಿಕ್ಕ ಅನ್ನವನ್ನು ಸೆಕೆಯಲ್ಲಿ ಗಂಟೆಗಟ್ಟಲೆ ಹೊರಗಿಡದೆ, ಹರಡಿ ಬೇಗ ಆರಿಸಿ ಫ್ರಿಜ್ಜಿಗೆ ಹಾಕಿ.

ವ್ಯಾಯಾಮ ಅಂದರೆ ಜಿಮ್ಮೇ ಆಗಬೇಕಿಲ್ಲ. ರಾತ್ರಿ ಉಂಡ ಮೇಲೆ ಹತ್ತು ಹದಿನೈದು ನಿಮಿಷ ಸುಮ್ನೆ ಬೀದಿಯಲ್ಲಿ ನಡೆಯಿರಿ, ರಕ್ತದ ಸಕ್ಕರೆ ಏರುವುದು ತಗ್ಗುತ್ತದೆ. ನಾನಂತೂ ಈಗಲೂ ತರಕಾರಿ ಹೆಚ್ಚುವುದು ನೆಲದ ಮೇಲೆ ಕೂತು, ಈಳಿಗೆ ಮಣೆಯಲ್ಲೇ. ಕೂರುವುದು, ಏಳುವುದರಲ್ಲೇ ತೊಡೆಗೆ, ಸೊಂಟಕ್ಕೆ ಕೆಲಸ ಸಿಗುತ್ತದೆ. ಮಂಡಿ ನೋವಿರುವವರು ಈ ಸಾಹಸ ಮಾಡಬೇಡಿ, ಕುರ್ಚಿಯಿಂದ ಕೈ ಊರದೆ ನಿಧಾನವಾಗಿ ಎದ್ದು ಕೂರುವುದನ್ನೇ ದಿನಾ ಹತ್ತು ಸಲ ಮಾಡಿ.