ಕಾಲಿನ ಬಿಗಿತ ಬಿಡಿಸುವ ನಡಿಗೆ

ನಡೆಯುವಾಗ ಒಂದೊಂದು ಕಾಲೂ ಸುಮಾರು ಶೇ. 60ರಷ್ಟು ಹೊತ್ತು ನೆಲದ ಮೇಲಿರುತ್ತದೆ, ಶೇ. 40ರಷ್ಟು ಹೊತ್ತು ಗಾಳಿಯಲ್ಲಿ. ನೆಲದ ಮೇಲಿರುವಾಗ ಸ್ನಾಯುಗಳು ಮೈಭಾರ ಹೊರಲೇಬೇಕು. ಗಾಳಿಯಲ್ಲಿರುವಾಗ ಮೀನಖಂಡಕ್ಕೆ ಹೆಚ್ಚು ಕೆಲಸವಿಲ್ಲ. ಆಗಲೂ ಬಿಗಿ ಹಿಡಿದೇ ನಡೆಯುವವರಿಗೆ ಅರ್ಧ ಗಂಟೆ ವಾಕಿಂಗ್ ಮಾಡಿದರೂ ಕಾಲು ಹಗುರಾಗುವುದಿಲ್ಲ, ಇನ್ನಷ್ಟು ಸೆಟೆದುಕೊಳ್ಳುತ್ತದೆ. ಕಲಿಯಬೇಕಾದ್ದು ಮುಖ್ಯವಾಗಿ ಒಂದೇ: ನೆಲ ಬಿಟ್ಟ ಕಾಲನ್ನು ಸಡಿಲ ಬಿಡುವುದು.

ಹವಾಯಿ ಚಪ್ಪಲಿ ಬೇಡ. ಅದು ಕಳಚದಂತೆ ಬೆರಳುಗಳು ಹೆಜ್ಜೆಹೆಜ್ಜೆಗೂ ಮುದುಡುತ್ತವೆ. ಬೆರಳು ಮಡಿಸುವ ಸ್ನಾಯುಗಳು ಮೀನಖಂಡದ ಆಳದಲ್ಲಿರುವುದರಿಂದ ಬಿಗಿತ ಅಲ್ಲಿಗೇ ಏರುತ್ತದೆ. ಹಿಂದೆ ಪಟ್ಟಿ ಇರುವ ಸ್ಯಾಂಡಲ್, ಇಲ್ಲವೇ ಬೆರಳು ಅಗಲಿಸಲು ಜಾಗವಿರುವ ಶೂ ಸಾಕು. ಮೊದಲ ಅಭ್ಯಾಸ ಮನೆಯೊಳಗೆ ಬರಿಗಾಲಲ್ಲಾದರೆ ಒಳ್ಳೆಯದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾದವರು ಮಾತ್ರ ಬರಿಗಾಲಲ್ಲಿ ನಡೆಯಲೇಬಾರದು.

ಹೊರಡುವ ಮೊದಲು ಎರಡು ನಿಮಿಷ ಸುಮ್ಮನೆ ನಿಲ್ಲಿ. ಹಿಮ್ಮಡಿ, ಹೆಬ್ಬೆರಳಿನ ಬುಡ, ಕಿರುಬೆರಳಿನ ಬುಡ, ಈ ಮೂರೂ ಕಡೆ ನೆಲ ತಾಗುತ್ತಿದೆಯೇ ಗಮನಿಸಿ. ಮಂಡಿ ಹಿಂದಕ್ಕೆ ಸೆಟೆದಿದ್ದರೆ ಕೊಂಚ ಸಡಿಲಿಸಿ. ಈಗ ಭಾರವನ್ನೆಲ್ಲ ಎಡಗಾಲಿಗೆ ಕೊಟ್ಟು, ಬಲ ಹಿಮ್ಮಡಿಯನ್ನು ತುಸು ಮೇಲೆತ್ತಿ, ಬಲತೊಡೆಯ ಮುಂಭಾಗವನ್ನು ಕೈಯಿಂದ ಅಲುಗಿಸಿ ನೋಡಿ. ಮಾಂಸ ಮೆತ್ತಗೆ ಓಲಾಡಬೇಕು. ಗಟ್ಟಿಯಾಗಿದ್ದರೆ ಭಾರ ಇನ್ನೂ ಪೂರ್ತಿ ಎಡಕ್ಕೆ ಹೋಗಿಲ್ಲ. ಈ ಓಲಾಟ ಕೈಗೆ ಗೊತ್ತಾಗುವವರೆಗೆ ಎರಡೂ ಕಾಲಲ್ಲಿ ಬದಲಿಸಿ ಬದಲಿಸಿ ಮಾಡಿ; ಮುಂದಿನದ್ದೆಲ್ಲ ಇದರ ಮೇಲೆ ನಿಂತಿದೆ.

ಮೊದಲ ಐದು ನಿಮಿಷ ಎಂದಿನ ಅರ್ಧ ವೇಗದಲ್ಲಿ ನಡೆಯಿರಿ. ಹಿಮ್ಮಡಿ ಮೆಲ್ಲಗೆ ತಾಗಲಿ, ಭಾರ ಪಾದದುದ್ದಕ್ಕೂ ಉರುಳಿ ಹೆಬ್ಬೆರಳಿಂದ ಬಿಡಲಿ. ಬಿಟ್ಟ ಕ್ಷಣದಲ್ಲೇ ಹೆಚ್ಚಿನವರು ತಪ್ಪುತ್ತಾರೆ: ಕಾಲನ್ನು ಎತ್ತಿ ಮುಂದೆ ಇಡಲು ಹೋಗುತ್ತಾರೆ. ಎತ್ತಬೇಡಿ. ಹಿಂದಿನ ಹಿಮ್ಮಡಿ ಮೇಲೇಳುತ್ತಿದ್ದಂತೆ ಮಂಡಿ ತಾನಾಗಿ ಮಡಿಯಲಿ, ಕಾಲು ಗಡಿಯಾರದ ಲೋಲಕದಂತೆ ಸೊಂಟದಿಂದ ತೂಗಿ ಮುಂದೆ ಬರಲಿ.

ಹೆಜ್ಜೆ ಚಿಕ್ಕದಿರಲಿ. ಪಾದ ಮೈಯಿಂದ ತೀರಾ ಮುಂದೆ ಬಿದ್ದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತಾಗಿ ಕಣಕಾಲಿನ ಮುಂಭಾಗ ನೋಯತೊಡಗುತ್ತದೆ. ಪಾದ ಟಪ್ಪೆಂದು ಸದ್ದು ಮಾಡುತ್ತಿದ್ದರೆ ಹೆಜ್ಜೆಯನ್ನು ಇನ್ನೂ ಒಂದೆರಡು ಇಂಚು ಕಿರಿದಾಗಿಸಿ ನೋಡಿ.

ಮೊಬೈಲ್ ಜೇಬಿನಲ್ಲಿರಲಿ. ಕೈ ಬೀಸದಿದ್ದರೆ ಎದೆ, ಸೊಂಟ ತಿರುಗುವುದು ಕಡಿಮೆಯಾಗಿ ನಡಿಗೆಗೆ ಶ್ರಮ ಹೆಚ್ಚುತ್ತದೆ. ಹೊಟ್ಟೆ ಎಳೆದುಕೊಂಡು ಉಸಿರು ಹಿಡಿಯುವ ಅಭ್ಯಾಸವಿದ್ದರೆ ತೊಡೆಸಂದೂ ಬಿಗಿಯಬಹುದು, ದಿನವಿಡೀ ಕುರ್ಚಿಯಲ್ಲಿ ಕೂರುವವರಿಗಂತೂ ಇನ್ನೂ ಹೆಚ್ಚು.

ಇದನ್ನೆಲ್ಲ ಒಟ್ಟಿಗೇ ಸರಿಪಡಿಸಲು ಹೊರಟರೆ ನಡಿಗೆ ಕವಾಯತಿನಂತಾಗುತ್ತದೆ. ಎರಡು ನಿಮಿಷ ಬೆರಳುಗಳನ್ನು ಮಾತ್ರ ಗಮನಿಸಿ, ಆಮೇಲೆ ಎರಡು ನಿಮಿಷ ಮಂಡಿ, ಆಮೇಲೆ ತೊಡೆಸಂದು. ನಡುನಡುವೆ ಏನನ್ನೂ ಗಮನಿಸದೆ ಹಾಯಾಗಿ ನಡೆಯಿರಿ. ಒಟ್ಟು ಇಪ್ಪತ್ತು ನಿಮಿಷ ಸಾಕು. ಮೊದಲೆರಡು ವಾರ ಸಮತಟ್ಟು ದಾರಿಯೇ ಇರಲಿ: ಏರಿನಲ್ಲಿ ಮೀನಖಂಡಕ್ಕೂ ಇಳಿಜಾರಿನಲ್ಲಿ ತೊಡೆಯ ಮುಂಭಾಗಕ್ಕೂ ನಿಜವಾಗಿಯೇ ಕೆಲಸ ಹೆಚ್ಚು, ಸಡಿಲ ಬಿಡುವುದನ್ನು ಅಲ್ಲಿ ಕಲಿಯಲಾಗದು.

ಎಲ್ಲ ನೋವೂ ಬಿಗಿತವಲ್ಲ. ಸ್ವಲ್ಪ ದೂರ ನಡೆದಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಬಿಟ್ಟು, ಮತ್ತೆ ನಡೆದರೆ ಮರಳುವ ನೋವು ರಕ್ತನಾಳ ಕಿರಿದಾದದ್ದರ ಲಕ್ಷಣವಿರಬಹುದು. ಅದನ್ನು ವೈದ್ಯರಿಗೆ ತೋರಿಸಿ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅಂಥ ಕಾಲನ್ನು ನೀವಬೇಡಿ, ಎಣ್ಣೆ ಹಚ್ಚಿ ತಿಕ್ಕಬೇಡಿ, ಅಂದೇ ಆಸ್ಪತ್ರೆಗೆ ಹೋಗಿ.